ಕೌಜುಗವನ್ನು ಕೋಳಿ ಮಾಡಿದ ಸಂಪಾದಕರಿಗೆ

ತಳಕು ಹೋಬಳಿ,
ಪರಿಧಾವಿ ಸಂವತ್ಸರದ ಶ್ರಾವಣ

ವಿದ್ವತ್ ತ್ರೈಮಾಸಿಕದ ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆ ನನ್ನ ಮಗಳ ಮದುವೆ ನಿಲ್ಲಿಸಿದೆ. ತಿದ್ದುಪಡಿ ಹಾಕಿ ಎಂದು ಬರೆದ ಕಾಗದಗಳನ್ನೆಲ್ಲ ತಾವು ಒಂದೊಂದಾಗಿ ತಿರಸ್ಕರಿಸಿದ್ದೀರಿ. ಆದ್ದರಿಂದ ಇದನ್ನು ಚಿತ್ರದುರ್ಗದ ವಾರಪತ್ರಿಕೆಯೊಂದಕ್ಕೆ ಕೊಡುತ್ತಿದ್ದೇನೆ. ಕೋಪ ಬಂದಿರುವುದು ನಿಜ. ಆದರೆ ಬರೆಯಲು ಕೂತರೆ ನಗು ತಡೆಯಲಾಗುತ್ತಿಲ್ಲ, ಅದಕ್ಕೂ ಕ್ಷಮೆಯಿರಲಿ.

ನಾನು ತಳಕಿನ ಹತ್ತಿರದ ಹಳ್ಳಿಯೊಂದರ ಶಾಲೆಯ ಉಪಾಧ್ಯಾಯ, ತಮ್ಮ ಚಂದಾದಾರ. ಕಳೆದ ಚಳಿಗಾಲದಲ್ಲಿ ತಮ್ಮ ಪತ್ರಿಕೆಗೆ ಬರೆಯುವ ವಿದ್ವಾಂಸರೊಬ್ಬರು ಮೊಳಕಾಲ್ಮೂರಿನ ಕಡೆಯ ಬಂಡೆಬರಹ ನೋಡಲು ಹೋಗುತ್ತಾ ನಮ್ಮ ಮನೆಯಲ್ಲಿ ತಂಗಿದರು. ನನ್ನ ಭಾವಮೈದ ಜೋಗಪ್ಪ ವರವು ಕಾವಲಿನ ಹುಲ್ಲುಗಾವಲ ಕಡೆ ಉರುಲು ಹಾಕಿ ಕೌಜುಗ ಹಿಡಿದು ತಂದ. ಮಗಳು ಸೂರಮ್ಮ ಸಾರು ಮಾಡಿದಳು. ವಿದ್ವಾಂಸರು ಬೆವರು ಒರೆಸಿಕೊಳ್ಳುತ್ತಾ ಮತ್ತೆ ಮತ್ತೆ ಹಾಕಿಸಿಕೊಂಡರು. ಯಾವ ಹಕ್ಕಿ ಎಂದು ಕೇಳಲಿಲ್ಲ; ಪಾಪ, ಬಾಯಿಗೆ ಬಿಡುವಿರಲಿಲ್ಲ.

ಅವರ ಲೇಖನವಿದ್ದ ಸಂಚಿಕೆ ಅಂಚೆಯಲ್ಲಿ ಬಂದ ದಿನವೇ ಬೀಗರಾಗಬೇಕಾದವರು ವೀಳ್ಯಶಾಸ್ತ್ರಕ್ಕೆ ಬಂದಿದ್ದರು. ನಮ್ಮ ಮನೆಯ ಹೆಸರು ಬೆಂಗಳೂರಿನಲ್ಲಿ ಅಚ್ಚಾಗಿದೆ ಎಂಬ ಹುಮ್ಮಸ್ಸು ನನಗೆ. ಮೊದಲು ಒಮ್ಮೆ ಓದಿ ನೋಡುವ ತಾಳ್ಮೆ ಎಲ್ಲಿಂದ ಬರಬೇಕು? ಅಂಗಳದಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದೆ: 'ಉಪಾಧ್ಯಾಯ ಚಿನ್ನಯ್ಯನವರ ಮನೆಯಲ್ಲಿ ನಮಗೆ ರುಚಿಕರವಾದ ಕೋಳಿಸಾರಿನ ಆತಿಥ್ಯ ದೊರೆಯಿತು.'

ತಮಗೆ ತಿಳಿಯದಿರಬಹುದು, ನಾವು ಮ್ಯಾಸ ಕುಲದವರು. ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಹಟ್ಟಿಯೊಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಕೋಳಿ ತಿಂದ ಮನೆಯಿಂದ ಹೆಣ್ಣು ತರುವ ಮಾತೇ ಇಲ್ಲ. ವರನ ತಾತ ಕ್ಯಾತಪ್ಪನವರು ಎಲೆಯಡಿಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಅದು ಕೌಜುಗ ಕಣ್ರೀ!" ಎಂದೆ.

"ಅಚ್ಚಾಗೈತಲ್ಲ ಮೇಷ್ಟ್ರೇ. ಓದಿದ್ದೂ ನೀವೇ. ಅಚ್ಚು ಹಾಕಿದೋರೇ ಅಚ್ಚಲ್ಲಿ ಅಲ್ಲ ಅನ್ಲಿ, ಆಮ್ಯಾಲೆ ಎಲೆ ಮುಟ್ತೀನಿ," ಎಂದು ಎದ್ದು ಹೋದರು.

ತಮಗೆ ಬರೆದೆ. ತಮ್ಮ ಉತ್ತರ: 'ತಾವು ಸದರಿ ಭೋಜನದಲ್ಲಿ ಪಾಲ್ಗೊಂಡವರಾದ್ದರಿಂದ ತಮ್ಮ ಸಾಕ್ಷ್ಯ ನಿಷ್ಪಕ್ಷಪಾತವೆನಿಸದು.' ಹಾಗಾದರೆ ವಿದ್ವಾಂಸರ ಸಾಕ್ಷ್ಯ? ಅವರೇನು ಪಕ್ಕದ ಊರಲ್ಲಿ ಕೂತು ಉಂಡರೇ? ಪ್ರಮಾಣ ಒದಗಿಸಿ ಎಂದಿರಿ. ಜೋಗಪ್ಪನಿಂದ ಕೌಜುಗದ ಗರಿ ತರಿಸಿ ಲಕೋಟೆಯಲ್ಲಿಟ್ಟು ಕಳಿಸಿದೆ. 'ಗರಿಗಳನ್ನು ಪ್ರಕಟಿಸುವ ಪರಿಪಾಠ ನಮ್ಮಲ್ಲಿಲ್ಲ' ಎಂದಿರಿ. ಅದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಕಾಟಮ್ಮ ನಕ್ಕು ನಕ್ಕು ಬೀಸುವ ಕಲ್ಲು ಬಿಟ್ಟು ಗೋಡೆಗೆ ಒರಗಿದಳು.

ಕೊನೆಯ ಕಾಗದದಲ್ಲಿ ನಿಜ ಹೊರಬಂತು. ಕೋಳಿ ತಿನ್ನುವುದರಿಂದ ನಾವು ಕಡಲತೀರದಿಂದ ವಲಸೆ ಬಂದವರೆಂದು ವಿದ್ವಾಂಸರು ಸಿದ್ಧಾಂತ ಕಟ್ಟಿದ್ದಾರೆ. ಕೋಳಿ ಹೋದರೆ ಸಿದ್ಧಾಂತವೂ ಹೋಗುತ್ತದೆ, ಆದ್ದರಿಂದ 'ಈ ಚರ್ಚೆ ಮುಕ್ತಾಯವಾಗಿದೆ'. ಒಂದು ಗಡಿಗೆ ಸಾರು ನಂಬಿ ಇಡೀ ಕುಲವನ್ನು ಸಮುದ್ರಕ್ಕೆ ಸಾಗಿಸಿದಿರಲ್ಲ ಸ್ವಾಮಿ! ನಮ್ಮ ಕಡೆ ಕೆರೆಯೊಂದು ಕೋಡಿ ಬಿದ್ದರೆ ಸಾಕು, ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಾರೆ.

ನನ್ನ ಬೇಡಿಕೆ ಚಿಕ್ಕದು. ಮುಂದಿನ ಸಂಚಿಕೆಯಲ್ಲಿ, ಕೋಳಿ ಅಚ್ಚಾದಷ್ಟೇ ದಪ್ಪ ಅಕ್ಷರದಲ್ಲಿ, ಅದು ಕೌಜುಗವಾಗಿತ್ತು ಎಂದು ಅಚ್ಚು ಹಾಕಿ. ಸಿದ್ಧಾಂತ ಬೇಕಾದರೆ ಇಟ್ಟುಕೊಳ್ಳಿ. ಕಡಲಿನಿಂದ ದಾರಿಯುದ್ದಕ್ಕೂ ಕೌಜುಗ ತಿನ್ನುತ್ತಾ ಬಂದೆವೆಂದು ಬರೆದುಕೊಳ್ಳಿ, ನನ್ನ ತಕರಾರಿಲ್ಲ. ಅದೂ ಆಗದಿದ್ದರೆ ತಾವೇ ದಯಮಾಡಿಸಿ. ಕ್ಯಾತಪ್ಪನವರ ಎದುರು ಕೂರಿಸಿ ಬಡಿಸುತ್ತೇವೆ. ಉಂಡು, ತಮ್ಮ ಬಾಯಿಂದಲೇ ಹಕ್ಕಿಯ ಹೆಸರು ಹೇಳಿ.

ಇಲ್ಲಿಯವರೆಗೆ ಬರೆದದ್ದನ್ನು ಮನೆಯಲ್ಲಿ ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಸೂರಮ್ಮನೂ ನಕ್ಕಳು. ಆಮೇಲೆ ಒಲೆಯ ಕಡೆ ತಿರುಗಿ, "ಬರಾಕೆ ಹೇಳಪ್ಪಾ, ಸಾರು ನಾನೇ ಮಾಡ್ತೀನಿ. ಆದ್ರೆ ಬೇಗ ಬರಾಕೆ ಹೇಳು. ಕ್ಯಾತಪ್ಪಜ್ಜ ಪರಶುರಾಂಪುರದ ಕಡೆ ಬ್ಯಾರೆ ಹೆಣ್ಣು ನೋಡಾಕೆ ಹೊಂಟವ್ರಂತೆ," ಅಂದಳು.

ನನ್ನ ನಗು ಅಲ್ಲಿಗೆ ನಿಂತಿತು. ಸಂಪಾದಕರೇ, ತಾವು ಮೂರು ತಿಂಗಳಿಗೊಮ್ಮೆ ಅಚ್ಚು ಹಾಕುತ್ತೀರಿ. ಅವರು ಅಷ್ಟು ಕಾಯುವುದಿಲ್ಲ.

ಇಂತಿ,
ತಮ್ಮ ಪತ್ರಿಕೆಯ ಪ್ರಕಾರ ಕೋಳಿ ತಿಂದವನು, ತಮ್ಮ ವಿದ್ವಾಂಸರ ಪ್ರಕಾರ ಕಡಲಿನಿಂದ ಬಂದವನು, ಸದ್ಯಕ್ಕೆ ಯಾರ ಬೀಗನೂ ಅಲ್ಲದವನು,
ಚಿನ್ನಯ್ಯ