ಅಪ್ಪನ ಮುಳ್ಳು

ಪ್ರೀತಿಯ ಅಕ್ಕನಿಗೆ,

ಅಪ್ಪ ನಮ್ಮನೆಗೆ ಹೊಂದಿಕೊಂಡಿದ್ದಾರೆ. ಮೊಣಕಾಲು ಮಾತ್ರ ಎರಡು ಮೆಟ್ಟಿಲಿಗೂ ಒಪ್ಪುತ್ತಿಲ್ಲ. ಬೆಟ್ಟದ ಹವಾಮಾನ ಕೇಂದ್ರ ಬಿಟ್ಟು ಬರುವಾಗ ತಂದ ತಮ್ಮ ವಾಯುಭಾರ ಮಾಪಕವನ್ನು ನಡುಮನೆಯಲ್ಲಿ ತೂಗುಹಾಕಿದ್ದಾರೆ. ಇಲ್ಲಿ ಕೆಳಗೆ ಗಾಳಿಯ ಭಾರ ಹೆಚ್ಚಲ್ಲವೇ, ಬೆಟ್ಟದ ಎತ್ತರಕ್ಕೆ ಹೊಂದಿಸಿದ ಅದರ ಮುಳ್ಳು ಸದಾ 'ಬಿಸಿಲು' ಅನ್ನುತ್ತದೆ. ಅದನ್ನೇ ನಂಬಿ ನಿನ್ನೆ ಹಾಸಿಗೆ ಒಣಹಾಕಿದೆ, ಮಳೆಗೆ ತೊಯ್ದು ತೊಪ್ಪೆಯಾಯಿತು. ಮೂವತ್ತು ವರ್ಷ ಗಾಳಿ ಅಳೆದವರಿಗೆ ಇಷ್ಟೂ ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬಂತು. ಮುಳ್ಳನ್ನು ಇಲ್ಲಿಯ ಎತ್ತರಕ್ಕೆ ಹೊಂದಿಸಲು ಸ್ಕ್ರೂಡ್ರೈವರ್ ತಂದೆ. ಅಪ್ಪ ಕೈ ಹಿಡಿದರು.

"ಗೊತ್ತು ಕಣೇ. ಅದನ್ನ ಸರಿ ಮಾಡಿಬಿಟ್ರೆ, ನಾನಿನ್ನು ಮತ್ತೆ ಬೆಟ್ಟ ಹತ್ತಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತೆ."

ನೀನು ಬಂದಾಗ ಮುಳ್ಳಿನ ಮಾತೆತ್ತಬೇಡ. ಒಂದು ಕೊಡೆ ತಾ. ನಮ್ಮನೆಯಲ್ಲಿ ಇನ್ನು ದಿನಾಲೂ ಬಿಸಿಲೇ.

ನಿನ್ನ ತಂಗಿ