ಹೆಸ್ಲೋ ಊರಿನ ಹಳೆಯ ಗಡಿ

ನವೆಂಬರ್ 2, ಭಾನುವಾರ
ಗಲ್ಫಿನ ಮೀನಾ ಅಬ್ದುಲ್ಲಾ ಎಂಬ ಊರು, ನಮ್ಮ ಸೈಟ್ ಆಫೀಸ್. ಬೆಳಗ್ಗೆಯೇ ನಲವತ್ತು ಡ್ರಾಯಿಂಗ್ ರಿಜಿಸ್ಟರ್ ಮಾಡಿದೆ. ಲಂಚ್ ಅವರ್‌ನಲ್ಲಿ ನಮ್ಮ ಇಂಜಿನಿಯರ್ ಮಿಸ್ಟರ್ ಕಾಲಿನ್ ಬರೆಯುತ್ತಿರುವ ಊರಿನ ಚರಿತ್ರೆಯ ಪುಸ್ತಕದ ಟೈಪಿಂಗ್. ಇಂಗ್ಲೆಂಡಿನಲ್ಲಿ ಅವರೂರು ಹೆಸ್ಲೋ, ಪಕ್ಕದ್ದು ಡನ್‌ಬೆಕ್. ನಡುವೆ ಹರಿಯುವ ಒಂದು ತೋಡು. ಹೆಸ್ಲೋದಲ್ಲಿ ಮಣ್ಣು ಅಗೆಯುವುದು, ಡನ್‌ಬೆಕ್‌ನಲ್ಲಿ ಇಟ್ಟಿಗೆ ಸುಡುವುದು. ಹೆಸ್ಲೋದ ಪ್ಯಾರಿಶ್ ಕೌನ್ಸಿಲ್ ಅಂದರೆ ನಮ್ಮ ಪಂಚಾಯತಿಯ ಹಾಗೆ. 1894ರಿಂದ ಅದರ ಕ್ಲಾರ್ಕ್ ಒಬ್ಬ ಶಾಲೆ ಮಾಸ್ತರು. ನಲವತ್ತು ವರ್ಷ ಒಂದೇ ಒಂದು ಮೀಟಿಂಗಿನ ಮಿನಿಟ್ಸ್ ತಪ್ಪಿಸಿಲ್ಲ. ಹಿಮ ಬಿದ್ದ ದಿನ ಇಬ್ಬರೇ ಬಂದರಂತೆ, ಅದನ್ನೂ ಬರೆದಿಟ್ಟಿದ್ದಾರೆ. ಇಂಥವರೊಬ್ಬರು ನಮ್ಮ ಆಫೀಸಿನಲ್ಲಿದ್ದಿದ್ದರೆ ನನ್ನ ಅರ್ಧ ತಲೆನೋವು ಖಲಾಸ್.

ನವೆಂಬರ್ 5
1934ರಲ್ಲಿ ಗಡಿ ಬದಲು. ಮಣ್ಣಿನ ಗುಂಡಿ ಡನ್‌ಬೆಕ್ ಪಾಲು, ಅದರ ತೆರಿಗೆಯೂ. ಹೆಸ್ಲೋದವರು ಹೊಡೆದಾಡಲಿಲ್ಲ. ನಮ್ಮ ಪಂಪಿನ ನೀರು ತಗೊಳ್ಳಿ, ನಮ್ಮ ಹೆಂಗಸರಿಗೆ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಕೊಡಿ ಅಂದರು. ಕೊಟ್ಟರು! ಮನೆಯಲ್ಲಿ ಗಂಡನಿಗೆ ಹೇಳಿದರೆ ನಗು. ನಮ್ಮೂರಲ್ಲಿ ಎರಡು ವಾರ್ಡಿನವರು ಒಂದು ಮೋರಿಗಾಗಿ ಆರು ವರ್ಷದಿಂದ ಕಚ್ಚಾಡುತ್ತಿದ್ದಾರಂತೆ.
ಕಾಲಿನ್ 14ಕ್ಕೆ ಹೊರಡುತ್ತಾರೆ. ಇಲ್ಲಿರುವ ಪರವಾನಗಿ, ಇಕಾಮಾ, ಮುಗಿಯಿತು. ಇನ್ನು ವಾಪಸ್ ಇಲ್ಲ.

ನವೆಂಬರ್ 9
ಘಾತವಾಯಿತು. ಗುರುವಾರ ಕಾಲಿನ್ ಎರಡು ಗಡಿ ನಕ್ಷೆ ಸ್ಕ್ಯಾನ್‌ಗೆ ಕೊಟ್ಟಿದ್ದರು — 34ರ ಮುಂಚಿನದು, ಆಮೇಲಿನದು. ಎರಡಕ್ಕೂ ಒಂದೇ ಹೆಸರು. ಹದಿನಾರು ವರ್ಷದಿಂದ ಫೈಲಿಂಗ್ ಮಾಡಿ ಪಳಗಿದ ಕೈ ನನ್ನದು... ಹೊಸ ರಿವಿಷನ್ ಬಂದರೆ ಹಳೆಯದು ಕಾಗದ ಚೂರು ಮಾಡುವ ಶ್ರೆಡ್ಡರ್‌ಗೆ. 34ರ ಮುಂಚಿನದನ್ನು ಹಾಕಿಬಿಟ್ಟೆ. ಸ್ಕ್ಯಾನ್ ಕೂಡ ಮಾಡದೆ. ಅವರ ತೀರಿಹೋದ ಅಪ್ಪ, ಊರಿನ ಮುದುಕರನ್ನು ಕೇಳಿ ಕೈಯಲ್ಲಿ ಬರೆದದ್ದು. ಬೇರೆ ಕಾಪಿ ಇಲ್ಲ.
ಅವರ ಸಾಮಾನಿನ ಶಿಫ್ಟಿಂಗ್‌ನಲ್ಲಿ ಕಳೆದುಹೋಯಿತು ಅಂತ ಹೇಳು, ಯಾರಿಗೆ ಗೊತ್ತಾಗುತ್ತದೆ ಅಂದರು ಉಮ್ಮರ್ ಕುಂಞಿ, ನನ್ನ ಗಂಡ. ಆ ಮಾಸ್ತರರ ಮಿನಿಟ್ಸ್ ಟೈಪ್ ಮಾಡಿದ ಕೈ ಇದು. ಸುಳ್ಳು ಹೇಳಲಿಕ್ಕೆ ನಾಚಿಕೆ.

ನವೆಂಬರ್ 10
ಹೇಳಿದೆ. ಅತ್ತುಬಿಟ್ಟೆ. ಕಾಲಿನ್ ಚಹಾ ಮುಟ್ಟಲಿಲ್ಲ. ಎದ್ದು ಹೋಗಿ ಒಂದು ದೊಡ್ಡ ಎ3 ಹಾಳೆ ತಂದು ನನ್ನ ಮುಂದಿಟ್ಟರು.
"ಎರಡನೇ ಅಧ್ಯಾಯ ನೀವೇ ಟೈಪ್ ಮಾಡಿದ್ದಲ್ವಾ? ಗಡಿ ಎಲ್ಲಿಂದ ಶುರು?"
"ಪಂಪಿನಿಂದ, ಸರ್."
ಕೌನ್ಸಿಲಿನವರು ಮೊದಲ ವರ್ಷವೇ ಗಡಿಯುದ್ದಕ್ಕೂ ನಡೆದಿದ್ದರು. ಎಲ್ಲಿ ತಿರುಗಿದರೂ ಮಾಸ್ತರರು ಹೆಜ್ಜೆ ಲೆಕ್ಕ ಸಮೇತ ಬರೆದಿದ್ದಾರೆ. ಅದನ್ನೇ ಓದುತ್ತಾ ಗೆರೆ ಎಳೆದೆ. ಗುಂಡಿಯ ಅಂಚು, ಭಟ್ಟಿಯ ಹಿಂಬದಿ, ತೋಡಿನ ತಿರುವು. ಕಾಲಿನ್ ಎರಡು ಕಡೆ ತಿದ್ದಿದರು. ಅಪ್ಪನ ಕೈಬರಹ ಹೋದದ್ದು ಹೋಯಿತು. ಆ ಸಂಕಟ ನನಗೆ ಸಾಯುವವರೆಗೂ ಇದೆ.

ನವೆಂಬರ್ 11
ನಕ್ಷೆಯ ಮೂಲೆಯಲ್ಲಿ ಹೆಸರು ಬರೆಯುವ ಚೌಕವನ್ನು ಕಾಲಿನ್ ತುಂಬಿಸಿದರು. ಡ್ರಾನ್ ಬೈ: ಹಫೀಝಾ. ಚೆಕ್ಡ್ ಬೈ: ಕಾಲಿನ್. ಸಾವಿರಾರು ಡ್ರಾಯಿಂಗ್ ಫೈಲ್ ಮಾಡಿದವಳು ನಾನು, ಆ ಜಾಗದಲ್ಲಿ ನನ್ನ ಹೆಸರು ಇದೇ ಮೊದಲು. ಅಪ್ರೂವ್ಡ್ ಬೈ ಖಾಲಿ. ಅದು ಹೆಸ್ಲೋದವರ ಕೆಲಸವಂತೆ.

ನವೆಂಬರ್ 29, ಶನಿವಾರ, ಮಧ್ಯಾಹ್ನ 2.40
ಹೆಸ್ಲೋದಲ್ಲಿ ಈಗ ನಕ್ಷೆಯ ಅಪ್ರೂವಲ್‌ಗೆ ಕೌನ್ಸಿಲ್ ಮೀಟಿಂಗ್. ಕಾಲಿನ್ ಮೆಸೇಜ್. ತೊಂಬತ್ತೊಂದು ವರ್ಷದ ಅಜ್ಜಿಯೊಬ್ಬರ ತಕರಾರು — ಹಳೆಯ ಗಡಿ ಅವರ ಮನೆಯ ಹಿಂದಲ್ಲ, ಅಡುಗೆಮನೆಯ ಮಧ್ಯದಲ್ಲೇ ಹಾದುಹೋಗುತ್ತಿತ್ತು ಅಂತ ಅವರ ಅಮ್ಮ ಹೇಳುತ್ತಿದ್ದರಂತೆ. ನಕ್ಷೆ ಬರೆದವರನ್ನೇ ಕೇಳಬೇಕಂತೆ, ಇಡೀ ಸಭೆ ಕಾದಿದೆಯಂತೆ. ಶಾಲು ಸರಿ ಮಾಡಿಕೊಂಡೆ. ಮಾಸ್ತರರ ಪುಟ ತೆರೆದಿಟ್ಟೆ. ವಿಡಿಯೋ ಕಾಲ್ ಬರ್ತಾ ಇದೆ —