ಬಸ್ಸು ಬಿಟ್ಟುಹೋದ ಆಟಗಾರ

ಸ್ಯಾನ್ ಡಿಯೇಗೊ
9 ಆಗಸ್ಟ್ 1981, ಭಾನುವಾರ

ಪ್ರೀತಿಯ ತಮ್ಮ ನಂಜುಂಡನಿಗೆ ಕೋಕಿಲಕ್ಕನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಅಪ್ಪನ ಕಣ್ಣಿನ ಪಟ್ಟಿ ಬಿಚ್ಚಿದರೇ? ಕಪ್ಪು ಕನ್ನಡಕ ತೆಗೆದು ಪೇಪರ್ ಓದಲು ಹವಣಿಸುತ್ತಿರುತ್ತಾರೆ, ಬಿಡಬೇಡ. ಅಮ್ಮನ ಭುಜದ ನೋವು ಹೇಗಿದೆ? ನಿನ್ನ ಎಡಗಾಲಿನ ಹರಡಿನ ಊತ ಇಳಿಯಿತೇ? ಇಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಬಾಳೆ ಕಂದು ಸಿಗುವುದಿಲ್ಲ. ಎದುರು ಮನೆಯ ಮುದುಕಿಯ ತೋಟದಿಂದ ಎರಡು ಎಲೆ ಕೇಳಿಟ್ಟಿದ್ದೇನೆ. ಈ ಕಾಗದ ನಿಮ್ಮನ್ನು ಮುಟ್ಟುವ ಹೊತ್ತಿಗೆ ಹಬ್ಬವೂ ಮುಗಿದಿರುತ್ತದೆ. ಅಪ್ಪ ಓದುವ ಹಾಗಿಲ್ಲವಾದ್ದರಿಂದ ಸಂಜೆ ಕಾಫಿಯಾದ ಮೇಲೆ ನೀನೇ ಎಲ್ಲರ ಮುಂದೆ ಇದನ್ನು ಓದುತ್ತಿರುತ್ತೀಯ. ಗಟ್ಟಿಯಾಗಿ ಓದು, ಅಡಿಗೆಮನೆಯಲ್ಲಿರುವ ಅಮ್ಮನಿಗೂ ಕೇಳಿಸಲಿ.

ಆಪರೇಷನ್‌ಗೆ ಮುಂಚೆ ಅಪ್ಪ ಬರೆದ ಕಾಗದ ತಲುಪಿತು. ಕಲ್ಕತ್ತದ ಕ್ಲಬ್ಬಿನವರು ನಿನ್ನನ್ನು ಕರೆದಿದ್ದಾರೆ, ದಸರೆಯೊಳಗೆ ಉತ್ತರ ಕೊಡಬೇಕು, ನೀನು ಕಾರ್ಖಾನೆಯ ಪರ್ಮನೆಂಟ್ ಕೆಲಸ ಬಿಟ್ಟು ಹೊರಡುವ ಮಾತಾಡುತ್ತಿದ್ದೀಯ ಎಂದೆಲ್ಲ ಬರೆದಿದ್ದಾರೆ. ನಮ್ಮ ವಂಶದಲ್ಲಿ ಚೆಂಡು ಒದ್ದು ಅನ್ನ ತಿಂದವರು ಯಾರೂ ಇಲ್ಲ ಎಂಬುದು ಅವರ ವಾದ. "ನಿಮ್ಮ ಕೆಳಗಿನ ಮನೇಲಿ ಆ ಸ್ಪೇನಿನ ಆಟಗಾರ ಇದ್ದಾನಲ್ಲ, ಅವನ ಪಾಡು ಏನಾಗಿದೆ ಅಂತ ಇದ್ದದ್ದು ಇದ್ದ ಹಾಗೆ ಬರೆದು ಹಾಕು, ಇವನಿಗೆ ಬುದ್ಧಿ ಬರಲಿ" ಎಂದು ನನಗೆ ಅಪ್ಪಣೆಯಾಗಿದೆ. ಇದ್ದದ್ದು ಇದ್ದ ಹಾಗೆಯೇ ಬರೆಯುತ್ತೇನೆ. ಒಂದು ವಾರದಿಂದ ನನಗೆ ಮೈ ಉರಿಯುತ್ತಿದೆ. ಬರೆಯದಿದ್ದರೆ ನಿನ್ನ ಭಾವನ ಮೇಲೆ ತೀರಿಸಿಕೊಳ್ಳಬೇಕಾಗುತ್ತದೆ.

ಆನ್ಸೆಲ್ಮೊ ಸ್ಪೇನಿನ ಉತ್ತರಕ್ಕೆ ಕಲ್ಲಿದ್ದಲು ತೆಗೆಯುವ ಒಂದು ಊರಿನವನು. ಅವನ ಅಪ್ಪನೂ ಗಣಿಯ ಕಚೇರಿಯಲ್ಲಿ ಮಗನಿಗೊಂದು ಕುರ್ಚಿ ಗೊತ್ತುಮಾಡಿ ಇಟ್ಟಿದ್ದನಂತೆ. ಇವನು ಅದರಲ್ಲಿ ಕೂರಲಿಲ್ಲ. ಬೆಲ್ಜಿಯಂನ ಕ್ಲಬ್ಬಿಗೆ ಹೋಗಿ ವರ್ಷಗಟ್ಟಲೆ ಮಳೆಯಲ್ಲಿ ಆಡಿದ, ಮೆಕ್ಸಿಕೋಗೆ ಹೋಗಿ ಬಿಸಿಲಲ್ಲಿ ಆಡಿದ, ಆಮೇಲೆ ಹೆಂಡತಿ ಪಿಲಾರ್‌ಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದ. ಅವನು ಆಡುವುದು ನೀನು ಆಡುವ ಜಾಗದಲ್ಲೇ. ನೀವು ಹಾಫ್ ಅನ್ನುತ್ತೀರಿ, ಇಲ್ಲಿಯವರು ಮಿಡ್‌ಫೀಲ್ಡರ್ ಅನ್ನುತ್ತಾರೆ. ಹಿಂದಿನವರಿಂದ ಚೆಂಡು ತೆಗೆದುಕೊಂಡು ಮುಂದಿನವರಿಗೆ ಮುಟ್ಟಿಸುವುದು, ಅಷ್ಟೇ ಕೆಲಸ. ಅಷ್ಟೇ ಎಂದು ನಾನು ಅಂದೆನೆಂದು ನಂಬಬೇಡ. ಬಚ್ಚಲುಮನೆಯ ಗೋಡೆಯ ಗಾರೆ ಕಿತ್ತುಬರುವವರೆಗೆ ನೀನು ಒದ್ದ ಚೆಂಡನ್ನು ವಾಪಸು ಒದ್ದವಳು ನಾನು, ಅದು ಎಂಥ ಕೆಲಸ ಎಂದು ನನಗೆ ಗೊತ್ತಿದೆ. ಈ ಮನುಷ್ಯ ಆಡುವಾಗ ಪಂಚಾಯಿತಿ ಗದ್ದಲದಲ್ಲಿ ಒಬ್ಬ ಸಮಾಧಾನದವನು ಕೂತಂತೆ ಇರುತ್ತದೆ. ಅವನು ಮೈದಾನದಲ್ಲಿದ್ದರೆ ಉಳಿದವರಿಗೂ ಬುದ್ಧಿ ಇರುತ್ತದೆ.

ಇದು ಈ ಊರಿನವರಿಗೆ ಕಾಣಿಸುವುದಿಲ್ಲ. ಇವರಿಗೆ ಎಲ್ಲದಕ್ಕೂ ಅಂಕಿ ಬೇಕು. ಆಟ ಸಮ ಆದರೆ ಇವರಿಗೆ ಊಟ ಸೇರುವುದಿಲ್ಲ. ಒಬ್ಬೊಬ್ಬನೇ ಓಡಿಬಂದು ಗೋಲಿಗೆ ಒದೆಯಬೇಕು, ಯಾರಾದರೊಬ್ಬರು ಸೋಲಲೇಬೇಕು. ಈ ವರ್ಷ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದಿದ್ದಾನೆ. ಮೊದಲು ಮನೆಮನೆಗೆ ಈಜುಕೊಳ ಮಾರುತ್ತಿದ್ದನಂತೆ. ಅವನು ಆನ್ಸೆಲ್ಮೊನ ಹೆಸರಿನ ಮುಂದೆ ಗೋಲು ಸೊನ್ನೆ ಎಂದು ಇರುವುದನ್ನು ನೋಡಿ, ಎಲ್ಲರೂ ಕೂತಿರುವಾಗ, "ಹಾಗಾದ್ರೆ ಇವನು ಅಲ್ಲಿ ಏನು ಮಾಡ್ತಾನೆ?" ಎಂದು ಕೇಳಿದನಂತೆ. ಹದಿಮೂರು ವರ್ಷ ಮೂರು ದೇಶಗಳಲ್ಲಿ ಆಡಿದವನನ್ನು ಕೇಳುವ ಮಾತೇ ಇದು? ಪಿಲಾರ್ ನನಗೆ ಇದನ್ನು ಹೇಳುವಾಗ ಕಡಲೆಕಾಳು ಆರಿಸುತ್ತಿದ್ದಳು.

ಇದರ ಮೇಲೆ ಮಂಡಿ ನೋವು. ಬೇರೆ ಊರುಗಳಿಗೆ ಹೋದಾಗ ಎಷ್ಟೋ ಕಡೆ ಹುಲ್ಲೇ ಇಲ್ಲ, ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಹಾಸಿ ಅದಕ್ಕೆ ಹಸಿರು ಬಣ್ಣ ಕೊಟ್ಟಿದ್ದಾರೆ. ಅದರ ಮೇಲೆ ಓಡಿ ಓಡಿ ಮಂಡಿ ತೆಂಗಿನಕಾಯಿಯ ಗಾತ್ರ ಊದಿಕೊಂಡಿತು. ವಿಶ್ರಾಂತಿ ಕೊಡಬೇಕಲ್ಲವೇ? ಕೊಟ್ಟದ್ದು ಸೂಜಿ. ನೋವು ತಿಳಿಯದ ಹಾಗೆ ಚುಚ್ಚಿ ಆಡಿಸುವುದು, ಮಾರನೆಯ ದಿನ ಅವನು ಮೆಟ್ಟಿಲು ಹತ್ತಲಾರದೆ ಕೂರುವುದು. ಯಾರ ಕಣ್ಣೋ ಬಿದ್ದಿದೆ ಎಂದು ಪಿಲಾರ್ ಅತ್ತಳು. ಅವರಲ್ಲೂ ದೃಷ್ಟಿ ಎನ್ನುವುದು ಉಂಟು, ಅವಳ ಅಜ್ಜಿ ನೀರಿಗೆ ಎಣ್ಣೆ ತೊಟ್ಟು ಬಿಟ್ಟು ನೋಡುತ್ತಿದ್ದಳಂತೆ. ನಾನು ಅಮ್ಮ ಮಾಡುವ ಹಾಗೆ ಹಿಡಿಯಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ ಹಿಡಿದು ಅವನಿಗೆ ನಿವಾಳಿಸಿ ಒಲೆಯ ಮೇಲಿನ ಬಾಣಲೆಗೆ ಹಾಕಿದೆ. ಘಾಟು ಎದ್ದಿತು ನೋಡು, ಎಲ್ಲರಿಗೂ ಕೆಮ್ಮು. ಛಾವಣಿಯಲ್ಲಿ ಹೊಗೆಗೆ ಕೂಗುವ ಅಲಾರಂ ಇಟ್ಟಿರುತ್ತಾರೆ, ಅದು ಕಿರುಚಿಕೊಂಡು ಇಡೀ ಬಿಲ್ಡಿಂಗಿನವರು ಬಾಗಿಲಿಗೆ ಬಂದರು. ಅಮ್ಮಾ, ನೀನೇ ಹೇಳುತ್ತಿದ್ದೆಯಲ್ಲ, ದೃಷ್ಟಿ ಇದ್ದರೆ ಘಾಟು ಏಳುವುದಿಲ್ಲ, ಘಾಟು ಎದ್ದರೆ ದೃಷ್ಟಿ ಇಲ್ಲ ಎಂದು. ಹಾಗಾದರೆ ಆ ಮಂಡಿಗೆ ಯಾರ ಕಣ್ಣೂ ಬಿದ್ದಿರಲಿಲ್ಲ. ಬಿದ್ದದ್ದೆಲ್ಲ ಪ್ಲಾಸ್ಟಿಕ್ಕು ಮತ್ತು ಸೂಜಿ.

ಈಗ ಹೋದ ಭಾನುವಾರದ ವಿಷಯ. ಲಾಸ್ ಏಂಜಲೀಸ್‌ನಲ್ಲಿ ಮ್ಯಾಚ್ ಇತ್ತು. ನಿನ್ನ ಭಾವ ಡಾಟ್ಸನ್ ಕಾರು ತೆಗೆದರು, ನಾನು ಪುಳಿಯೋಗರೆ ಕಲಸಿಕೊಂಡೆ, ಹೋದೆವು. ನಮ್ಮೂರಿನವರೇ ಗೆದ್ದರು. ಗೆಲುವಿನ ಗೋಲಿಗೆ ಮುಂಚೆ ಮಧ್ಯದಿಂದ ಚೆಂಡನ್ನು ಆ ಕಡೆಗೆ ಎತ್ತಿ ಕಳಿಸಿದವನು ಆನ್ಸೆಲ್ಮೊ. ಅದು ಯಾವ ಪೇಪರಿನಲ್ಲೂ ಬರಲಿಲ್ಲ. ಆಟ ಮುಗಿದು ಅವನಿಗೊಂದು ಮಾತು ಹೇಳಿ ಹೋಗೋಣವೆಂದು ಹಿಂದಿನ ಗೇಟಿಗೆ ಬಂದರೆ, ಕ್ಲಬ್ಬಿನ ಬಸ್ಸು ಹೊರಟುಹೋಗುತ್ತಿದೆ, ಇವನು ಫುಟ್‌ಪಾತಿನ ಮೇಲೆ ಬೂಟಿನ ಚೀಲ ಹಿಡಿದು ನಿಂತಿದ್ದಾನೆ. ಸ್ನಾನ ಮಾಡಿ ಬರುವಷ್ಟರಲ್ಲಿ ಅವನನ್ನು ಲಾಸ್ ಏಂಜಲೀಸ್‌ನ ಕ್ಲಬ್ಬಿಗೆ ಕೊಟ್ಟುಬಿಟ್ಟಿದ್ದರು. ನಾಳೆಯಿಂದ ನೀನು ಇವರ ಕಡೆ, ಮತ್ತೆ ಅಷ್ಟು ದೂರ ಹೋಗಿ ಬರುವ ತೊಂದರೆ ಯಾಕೆ ಎಂದು ಬಸ್ಸು ಹತ್ತಿಸಲಿಲ್ಲವಂತೆ. ಇತ್ತ ಮನೆಯಲ್ಲಿ ಪಿಲಾರ್ ಅಡಿಗೆ ಮಾಡಿಕೊಂಡು ಕಾಯುತ್ತಿದ್ದಾಳೆ. ಬದಲಿಗೆ ಬಂದದ್ದೇನು ಗೊತ್ತೇ? ಒಬ್ಬ ಕಾಲೇಜು ಹುಡುಗ, ಜೊತೆಗೆ ಮುಂದಿನ ವರ್ಷ ಆಯ್ಕೆಯಾಗುವ ಯಾರೋ ಒಬ್ಬ. ಆ ಯಾರೋ ಒಬ್ಬ ಯಾರೆಂದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ದನದ ಜಾತ್ರೆಯಲ್ಲಿ ಕೂಡ ಎತ್ತನ್ನು ತೋರಿಸಿಯೇ ವ್ಯಾಪಾರ ಮಾಡುತ್ತಾರೆ.

ಆ ಮ್ಯಾನೇಜರ್ ಇನ್ನೂ ಅಲ್ಲೇ ತನ್ನ ಕಾರಿನ ಹತ್ತಿರ ನಿಂತಿದ್ದ. ನಾನು ಸೆರಗು ಸಿಕ್ಕಿಸಿಕೊಂಡು ಹೋದೆ. ಇಂಗ್ಲಿಷಿನಲ್ಲಿ ಶುರು ಮಾಡಿದೆ, ಎಲ್ಲಿ ಕನ್ನಡಕ್ಕೆ ತಿರುಗಿದೆನೋ ತಿಳಿಯದು. "ನಿಮ್ಗೆ ಮಾನ ಮರ್ಯಾದೆ ಏನಾದ್ರೂ ಇದ್ಯೇನ್ರಿ, ಮನುಷ್ಯನ್ನ ರಸ್ತೇಲಿ ಇಳಿಸಿ ಹೋಗ್ತೀರಲ್ಲ" ಎಂದದ್ದು ನೆನಪಿದೆ. ಅವನು ಆಟೋಗ್ರಾಫ್ ಕೇಳಲು ಬಂದವಳೆಂದುಕೊಂಡು ಪೆನ್ನು ತೆಗೆದ. ನಿನ್ನ ಭಾವ ನನ್ನ ತೋಳು ಹಿಡಿದು, "ಬಾರೇ ಸಾಕು, ನಮ್ಮ ಗ್ರೀನ್ ಕಾರ್ಡೇ ಇನ್ನೂ ಬಂದಿಲ್ಲ" ಎಂದು ಎಳೆದುಕೊಂಡು ಬಂದರು. ಮೂರೂ ಜನ ನಮ್ಮ ಕಾರಿನಲ್ಲೇ ಊರಿಗೆ ಬಂದೆವು. ಆನ್ಸೆಲ್ಮೊ ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿಕೊಂಡು ಡಬ್ಬಿಯ ಮುಚ್ಚಳದಲ್ಲಿ ಪುಳಿಯೋಗರೆ ತಿಂದ. ಒಂದು ಕೆಟ್ಟ ಮಾತು ಆಡಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಅಪ್ಪನ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಆಗಲೇ ಕೇಳಿದೆ: ಹೀಗಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಆ ಗಣಿ ಕಚೇರಿಯ ಕುರ್ಚಿ ಬಿಟ್ಟು ಬರುತ್ತಿದ್ದೆಯಾ? ಸಮುದ್ರದ ಪಕ್ಕದ ಅಣುಸ್ಥಾವರದ ಗುಮ್ಮಟಗಳು ಹಿಂದೆ ಸರಿಯುವವರೆಗೆ ಮುಚ್ಚಳಕ್ಕೆ ಅಂಟಿದ್ದ ಅಗುಳುಗಳನ್ನು ಆರಿಸಿ ತಿಂದ. ಆಮೇಲೆ ಏನೋ ಹೇಳಿದ. ಕಿಟಕಿ ತೆಗೆದಿತ್ತು, ಗಾಳಿಯ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ.

ಈಗ ಅವನು ಲಾಸ್ ಏಂಜಲೀಸ್ ಹತ್ತಿರದ ರೆಡೊಂಡೊ ಬೀಚ್‌ನಲ್ಲಿ ಒಂದು ಕೋಣೆ ಹಿಡಿದಿದ್ದಾನೆ. ಮನೆ ಬಾಡಿಗೆಯ ಅವಧಿ ಮುಗಿಯುವವರೆಗೆ ಪಿಲಾರ್ ಕೆಳಗೇ ಇರುತ್ತಾಳೆ, ರಾತ್ರಿ ಊಟಕ್ಕೆ ನಮ್ಮಲ್ಲಿಗೇ ಬಾ ಎಂದಿದ್ದೇನೆ. ಪರದೇಶದ ಕ್ಲಬ್ಬುಗಳಲ್ಲಿ ಆಡುವವನ ಪಾಡು ಇದು. ಅಪ್ಪ ಹೇಳಿದಂತೆ ಒಂದಕ್ಷರ ಕೂಡಿಸದೆ, ಕಳೆಯದೆ ಬರೆದಿದ್ದೇನೆ. ಯೋಚನೆ ಮಾಡುವುದು ನಿನಗೆ ಬಿಟ್ಟದ್ದು.

ಅಪ್ಪ ಅಮ್ಮನಿಗೆ ನಮ್ಮಿಬ್ಬರ ಸಾಷ್ಟಾಂಗ ನಮಸ್ಕಾರಗಳು. ಅಪ್ಪ ಕಣ್ಣಿಗೆ ಔಷಧಿ ಬಿಡಿಸಿಕೊಳ್ಳುವಾಗ ಗಲಾಟೆ ಮಾಡಬಾರದೆಂದು ನಾನು ಹೇಳಿದೆನೆಂದು ಹೇಳು. ನಿನಗೆ ದೇವರು ಆಯುಸ್ಸು, ಆರೋಗ್ಯ, ಗಟ್ಟಿ ಕಾಲು ಕೊಡಲಿ.

ನಿನ್ನ ಅಕ್ಕ,
ಕೋಕಿಲಾ

ತಾ.ಕ.: ಎಂದಿನಂತೆ ಗಟ್ಟಿಯಾಗಿ ಓದುವುದನ್ನು ಸಹಿಯ ಹತ್ತಿರವೇ ನಿಲ್ಲಿಸಿದೆಯಾ? ಸರಿ, ಇನ್ನು ನೀನೊಬ್ಬನೇ ಓದಿಕೊ. ಕಾರಿನಲ್ಲಿ ಅವನು ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಬೆಲ್ಜಿಯಂನಲ್ಲಿ ಒಂದು ಸಂಜೆ ಮಳೆಯಲ್ಲಿ ತಾನು ಕೊಟ್ಟ ಒಂದು ಚೆಂಡಿನ ವಿಷಯ ಹೇಳಿದ. ಗೋಲು ಹೊಡೆದವನ ಹೆಸರು ಅವನಿಗೆ ಮರೆತಿದೆ, ಆ ಚೆಂಡು ಮರೆತಿಲ್ಲ. "ಕುರ್ಚಿಯಲ್ಲಿ ಕೂತಿದ್ದರೆ ಇವತ್ತು ನನ್ನ ಹತ್ತಿರ ಅದು ಇರುತ್ತಿರಲಿಲ್ಲ. ಬರುತ್ತಿದ್ದೆ" ಎಂದ. ಆಮೇಲೆ ನಮ್ಮ ಫ್ರಿಜ್ಜಿನ ಮೇಲಿರುವ ಫೋಟೋದ ಹುಡುಗ ಏನು ತೀರ್ಮಾನ ಮಾಡಿದ ಎಂದು ನಿನ್ನನ್ನು ವಿಚಾರಿಸಿದ. ಅಪ್ಪನ ಕಾಗದದಲ್ಲಿ ಇನ್ನೊಂದು ಮಾತಿತ್ತು, ಮೇಲೆ ಬರೆಯಲು ನಾಚಿಕೆಯಾಯಿತು: "ಅಷ್ಟಕ್ಕೂ ಇವನು ಇದುವರೆಗೆ ಎಷ್ಟು ಗೋಲು ಹೊಡೆದಿದ್ದಾನೆ?" ಈಜುಕೊಳ ಮಾರುತ್ತಿದ್ದವನು ಕೇಳಿದ್ದೂ ಇದನ್ನೇ. ಅವನ ಮೇಲೆ ಬಂದಷ್ಟೇ ಸಿಟ್ಟು ನನಗೆ ಅಪ್ಪನ ಮೇಲೂ ಬಂತು.

ಸೋಮವಾರ ಆನ್ಸೆಲ್ಮೊ ಹೊರಡುವ ಮುಂಚೆ ಮೇಲೆ ಬಂದು ಆ ಫೋಟೋ ಕೈಗೆ ತೆಗೆದುಕೊಂಡು, ಉಪ್ಪು ಮೆಣಸಿನಕಾಯಿ ಇವನಿಗೂ ಮಾಡಿ ಎಂದ. ಫೋಟೋಗೆ ಮಾಡುವ ಪದ್ಧತಿ ಇಲ್ಲ ಎಂದರೂ ಕೇಳಲಿಲ್ಲ. ಅವನು ಹಿಡಿದುಕೊಂಡ, ನಾನು ನಿವಾಳಿಸಿದೆ. ನಿನ್ನ ಭಾವ ಅಲಾರಂ ಕೆಳಗೆ ಟವೆಲ್ ಬೀಸಲು ಸಿದ್ಧವಾಗಿ ನಿಂತರು. ಅದೇ ಡಬ್ಬಿಯ ಮೆಣಸಿನಕಾಯಿ, ಅದೇ ಬಾಣಲೆ. ಕಪ್ಪಗೆ ಸುಟ್ಟುಹೋದವು, ಒಬ್ಬರಿಗೂ ಕೆಮ್ಮು ಬರಲಿಲ್ಲ. ಅಲಾರಂ ಉಸಿರೆತ್ತಲಿಲ್ಲ. ಅಷ್ಟು ದೃಷ್ಟಿ ನಿನ್ನ ಮೇಲಿದೆ, ನಂಜು. ಕಲ್ಕತ್ತದವರು ನಿನ್ನನ್ನು ನೋಡಿದ್ದು ಒಂದು ಮ್ಯಾಚಿನಲ್ಲಿ. ಮನೆಯಲ್ಲೇ ದಿನವೂ ನೋಡುವವರು ಯಾರೆಂದು ನಾನು ಹೇಳಬೇಕಾಗಿಲ್ಲ.

ರಾಜೀನಾಮೆ ಕೊಡಬೇಡ, ಸಂಬಳವಿಲ್ಲದ ರಜೆ ಕೇಳು. ಮಂಡಿಗೆ ಸೂಜಿ ಚುಚ್ಚಲು ಯಾರನ್ನೂ ಬಿಡಬೇಡ, ಅದು ಅವನೂ ಹೇಳಿಕಳಿಸಿದ ಮಾತು. ಹೊರಟುಬಿಡು. ಅಪ್ಪನಿಗೆ ನಾನು ಉತ್ತರ ಕೊಡುತ್ತೇನೆ.